ಮಗುವಿನ ಹೃದಯಕ್ಕೆ ಸ್ಟೆಮ್ ಸೆಲ್: ಈಗ ಎಷ್ಟು ಸಾಧ್ಯ?



"ಮಗುವಿನ ಹೃದಯದಲ್ಲಿ ತೂತು ಇದೆ ಅಂದರು. ಆಪರೇಷನ್ ಬೇಡ, ಸ್ಟೆಮ್ ಸೆಲ್ ಕೊಟ್ಟರೆ ಮುಚ್ಚುತ್ತದಂತೆ, ನಿಜವೇ?" ಶುಕ್ರವಾರ ನಾಲ್ಕು ಕುಟುಂಬಗಳು ಸೇರಿದಲ್ಲಿ ಇಂಥ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಸಾವಿರ ಶಿಶುಗಳಲ್ಲಿ ಎಂಟು-ಹತ್ತು ಶಿಶುಗಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ.

ನೇರವಾಗಿ ಹೇಳಿಬಿಡೋಣ: ನಿಜವಲ್ಲ. ಹೃದಯದ ಗೋಡೆಯ ರಂಧ್ರವನ್ನು ಸ್ಟೆಮ್ ಸೆಲ್ ಮುಚ್ಚುವುದಿಲ್ಲ. ಸಣ್ಣ ರಂಧ್ರಗಳು ಎಷ್ಟೋ ಬಾರಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ (ಆಗ ಕೀರ್ತಿ ಯಾರ ಪಾಲಾಗುತ್ತದೆಂದು ನೀವೇ ಊಹಿಸಿ!). ದೊಡ್ಡದಾದರೆ ತೇಪೆ ಹಾಕಿ ಹೊಲಿಯುತ್ತಾರೆ. ಕೆಲವನ್ನು ತೊಡೆಯ ರಕ್ತನಾಳದ ಮೂಲಕ ಪುಟ್ಟ ಸಾಧನ ಕಳಿಸಿ ಮುಚ್ಚುತ್ತಾರೆ.

ಹಾಗಾದರೆ ಪತ್ರಿಕೆಗಳಲ್ಲಿ ಬರುವ ಸಂಶೋಧನೆ ಯಾವುದು? ಅದು ಹೃದಯದ ಎಡಭಾಗವೇ ಸರಿಯಾಗಿ ಬೆಳೆಯದ ಮಕ್ಕಳಿಗೆ ಸಂಬಂಧಿಸಿದ್ದು. ಇವರಿಗೆ ಹುಟ್ಟಿದ ಕೆಲವೇ ದಿನಗಳಿಂದ ಆರಂಭಿಸಿ ಮೂರು ಶಸ್ತ್ರಚಿಕಿತ್ಸೆ ಬೇಕು. ಬಲಭಾಗವೊಂದೇ ಇಡೀ ದೇಹಕ್ಕೆ ರಕ್ತ ನೂಕಬೇಕಾಗಿ ವರ್ಷಗಳು ಕಳೆದಂತೆ ದಣಿಯಬಹುದು. ಆ ಸ್ನಾಯುವಿಗೆ ಬಲ ಬರಲೆಂದು ಎರಡನೇ ಶಸ್ತ್ರಚಿಕಿತ್ಸೆಯ ವೇಳೆ ಸ್ಟೆಮ್ ಸೆಲ್ ಚುಚ್ಚಿ ನೋಡಿದ್ದಾರೆ. ಅಮೆರಿಕದ ಮೇಯೋ ಕ್ಲಿನಿಕ್ ಮಗುವಿನದೇ ಹೊಕ್ಕುಳಬಳ್ಳಿಯ ರಕ್ತ ಬಳಸಿತು. 'ಎಲ್ಪಿಸ್' ಎಂಬ ಬೇರೊಂದು ಪ್ರಯೋಗದಲ್ಲಿ ಬಳಸಿದ್ದು ದಾನಿಗಳ ಮೂಳೆಮಜ್ಜೆಯ ಕೋಶಗಳನ್ನು. 2023ರಲ್ಲಿ ಪ್ರಕಟವಾದ ಇದರ ಮೊದಲ ಹಂತದಲ್ಲಿದ್ದವರು 10 ಶಿಶುಗಳು ಮಾತ್ರ. ಚಿಕಿತ್ಸೆಯಿಂದ ದೊಡ್ಡ ಅಪಾಯ ಕಾಣಲಿಲ್ಲ ಎಂಬುದೇ ಮುಖ್ಯ ಫಲಿತಾಂಶ. ಇದೆಲ್ಲ ಶಸ್ತ್ರಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ.

ಬಹರೈನ್ 2023ರಲ್ಲಿ ಅನುಮತಿ ಕೊಟ್ಟ, ರೋಗಿಯದೇ ಸ್ಟೆಮ್ ಸೆಲ್ ತಿದ್ದಿ ಕೊಡುವ ಚಿಕಿತ್ಸೆ ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆಗೆ. ಹೃದಯಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಹೆರಿಗೆಗೆ ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಹೊಕ್ಕುಳಬಳ್ಳಿ ರಕ್ತ ಕಾದಿಡಿ ಎಂಬ ಜಾಹೀರಾತು ನೋಡಿ ಸಾಲ ಮಾಡಬೇಡಿ. ಮಗುವಿನ ಮುಂದಿನ ಸ್ವಂತ ಬಳಕೆಗೆ ಹಾಗೆ ಕಾದಿಡಲು ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೇ ಹೇಳಿದೆ. ಆ ಹಣದಲ್ಲಿ ಐದನೇ ತಿಂಗಳ ಸ್ಕ್ಯಾನ್ ಚೆನ್ನಾಗಿ ಮಾಡಿಸಿ. ಸಂಶಯವಿದ್ದರೆ ಗರ್ಭದಲ್ಲಿರುವ ಮಗುವಿನ ಹೃದಯದ ಎಕೋ ಕೇಳಿ.

ಹುಟ್ಟಿದ ಮೇಲೆ ತುಟಿ ನೀಲಿಯಾದರೆ, ಹಾಲು ಕುಡಿಯುವಾಗ ಬೆವರಿದರೆ, ತೂಕ ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅವಾಲಿಯಲ್ಲಿ ಹೃದ್ರೋಗ ಕೇಂದ್ರವಿದೆ. ಊರಿಗೇ ಹೋಗುವುದಾದರೆ ಬೆಂಗಳೂರಿನ ಜಯದೇವ, ನಾರಾಯಣ ಆಸ್ಪತ್ರೆಗಳಿವೆ. 2003ರಲ್ಲಿ ಲಾಹೋರ್‌ನಿಂದ ಬಸ್ಸಿನಲ್ಲಿ ಗಡಿ ದಾಟಿ ಬಂದ ಪುಟ್ಟ ನೂರ್ ಫಾತಿಮಾಳ ಹೃದಯ ಸರಿಯಾದದ್ದು ನಮ್ಮ ಬೆಂಗಳೂರಿನಲ್ಲೇ, ಶಸ್ತ್ರಚಿಕಿತ್ಸೆಯಿಂದ.

ಯಾರಾದರೂ "ಪ್ರಯೋಗದ ಸ್ಟೆಮ್ ಸೆಲ್, ಇಷ್ಟು ಲಕ್ಷ" ಎಂದರೆ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗವಾದರೆ ಹಣ ಏಕೆ ಎಂದೂ ಕೇಳಿ.