ಒಂಬತ್ತರಿಂದ ಮೂರಕ್ಕೆ ಇಳಿದ ಆಟ

1875ರ ಮಾರ್ಚ್ 3ರ ರಾತ್ರಿ ಕೆನಡಾದ ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕ್‌ನಲ್ಲಿ ವಿಚಿತ್ರವಾದ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಅಲ್ಲಿಯವರೆಗೆ ಐಸ್ ಹಾಕಿ ಎಂದರೆ ಬಯಲಿನ ಆಟ. ಕೆರೆ, ನದಿ ಹೆಪ್ಪುಗಟ್ಟಿದರೆ ಸಾಕು, ಕೋಲು ಸಿಕ್ಕವರೆಲ್ಲ ಇಳಿಯುತ್ತಿದ್ದರು. ಎಷ್ಟು ಮಂದಿ ಆಡಬೇಕೆಂದು ಲೆಕ್ಕ ಇಟ್ಟವರೇ ಇರಲಿಲ್ಲ. ಹ್ಯಾಲಿಫ್ಯಾಕ್ಸ್‌ನಿಂದ ಬಂದಿದ್ದ ಎಂಜಿನಿಯರ್ ಜೇಮ್ಸ್ ಕ್ರೈಟನ್ ಅದನ್ನು ಸೂರಿನ ಕೆಳಗೆ ತಂದ. ತಂದ ಕೂಡಲೇ ತೊಡಕು ಎದುರಾಯಿತು. ರಿಂಕ್ 204 ಅಡಿ ಉದ್ದ, 80 ಅಡಿ ಅಗಲ. ಬಂದವರನ್ನೆಲ್ಲ ಒಳಗೆ ಬಿಟ್ಟರೆ ಕೈಕಾಲು ಮುರಿಯುವುದು ಖಚಿತ. ಕ್ರೈಟನ್ ಒಂದೊಂದು ಕಡೆಗೆ ಒಂಬತ್ತು ಜನರನ್ನು ನಿಲ್ಲಿಸಿದ. ಚೆಂಡು ಪುಟಿದು ಪ್ರೇಕ್ಷಕರ ಮುಖಕ್ಕೆ ಬಡಿಯಬಾರದೆಂದು ಅದರ ಬದಲು, ಮುಂದೆ ಪಕ್ ಎನಿಸಿದ ಮರದ ಚಪ್ಪಟೆ ಬಿಲ್ಲೆಯನ್ನು ಬಳಸಿದರು.

ಆಟವನ್ನು ಕ್ರೈಟನ್ ತಂಡ 2-1ರಿಂದ ಗೆದ್ದಿತು. ಆಮೇಲೆ ನಡೆದದ್ದೇ ಬೇರೆ. ಸ್ಕೇಟಿಂಗ್‌ಗೆ ಜಾಗ ಬೇಕೆಂದವರಿಗೂ ಆಟಗಾರರಿಗೂ ಜಟಾಪಟಿ ಹತ್ತಿತು. ಬೆಂಚುಗಳು ಮುರಿದವು, ತಲೆಗಳಿಗೆ ಪೆಟ್ಟು ಬಿತ್ತು, ನೋಡಲು ಬಂದಿದ್ದ ಹೆಂಗಸರು ಗಾಬರಿಯಾಗಿ ಹೊರಗೆ ಓಡಿದರು. ಸೂರಿನ ಕೆಳಗಿನ ಐಸ್ ಹಾಕಿಯ ಮೊದಲ ರಾತ್ರಿಯೇ ಜಾಗದ ಜಗಳದಲ್ಲಿ ಮುಗಿಯಿತು. ಆ ಜಗಳ ಶತಮಾನ ಕಳೆದರೂ ಬಗೆಹರಿಯಲಿಲ್ಲ.

ಒಂಬತ್ತು ಎಂಬ ಸಂಖ್ಯೆ ಹೆಚ್ಚು ದಿನ ಬಾಳಲಿಲ್ಲ. 1880ರ ದಶಕದಲ್ಲಿ ಮಾಂಟ್ರಿಯಲ್‌ನ ಚಳಿಗಾಲದ ಉತ್ಸವಕ್ಕೆ ಹಾಕಿ ಪಂದ್ಯಾವಳಿಯೂ ಸೇರಿಕೊಂಡಿತು. ಅಂಥ ಒಂದು ಉತ್ಸವಕ್ಕೆ ಬಂದ ತಂಡವೊಂದರಲ್ಲಿ ಇಬ್ಬರು ಕಡಿಮೆ ಬಿದ್ದರೆಂದೂ, ಪಂದ್ಯ ನಿಲ್ಲಬಾರದೆಂದು ಎದುರಾಳಿಗಳೂ ಇಬ್ಬರನ್ನು ಹೊರಗೆ ಕೂರಿಸಿದರೆಂದೂ ಕತೆ ನಡೆದುಬಂದಿದೆ. ಏಳು ಜನರ ಆಟದಲ್ಲಿ ಗುಂಪು ಚದುರಿತು, ಓಟ ಹೆಚ್ಚಿತು, ನೋಡುವವರಿಗೆ ಪಕ್ ಎಲ್ಲಿದೆಯೆಂದು ಕಾಣತೊಡಗಿತು. ಅಂದಿನ ಅಡ್ಡಿಯೇ ಮುಂದಿನ ನಿಯಮವಾಯಿತು.

ಏಳರಲ್ಲಿ ಒಬ್ಬನಿಗೆ ರೋವರ್ ಎಂಬ ಹೆಸರು. ಅವನಿಗೆ ಗೊತ್ತಾದ ಜಾಗವಿಲ್ಲ, ಮುಂದೆಯೂ ಹಿಂದೆಯೂ ಅವನೇ. ಸಾಮಾನ್ಯವಾಗಿ ತಂಡದ ಅತಿ ಚುರುಕಿನ ಆಟಗಾರನೇ ರೋವರ್ ಆಗುತ್ತಿದ್ದ. 1911ರಲ್ಲಿ ಪೂರ್ವ ಕೆನಡಾದ ವೃತ್ತಿಪರ ಲೀಗ್ ಆಗಿದ್ದ ನ್ಯಾಷನಲ್ ಹಾಕಿ ಅಸೋಸಿಯೇಷನ್ ಆ ಸ್ಥಾನವನ್ನೇ ಕಿತ್ತುಹಾಕಿತು. ಆಟ ಚೆನ್ನಾಗಲಿ ಎನ್ನುವುದಕ್ಕಿಂತ ಒಬ್ಬನ ಸಂಬಳ ಉಳಿಯಲಿ ಎಂಬುದೇ ಮಾಲೀಕರ ಲೆಕ್ಕಾಚಾರವಾಗಿತ್ತು. ಅಭಿಮಾನಿಗಳು ಮೂಗು ಮುರಿದರು. ಪಶ್ಚಿಮದಲ್ಲಿ ಲೆಸ್ಟರ್ ಮತ್ತು ಫ್ರಾಂಕ್ ಪ್ಯಾಟ್ರಿಕ್ ಎಂಬ ಅಣ್ಣತಮ್ಮಂದಿರು ಅದೇ ವರ್ಷ ತಮ್ಮದೇ ಲೀಗ್ ಕಟ್ಟಿದರು. ತಂದೆಯ ಮರದ ವ್ಯಾಪಾರ ಮಾರಿದ ಹಣವನ್ನು ಸುರಿದು ವ್ಯಾಂಕೂವರ್ ಮತ್ತು ವಿಕ್ಟೋರಿಯಾದಲ್ಲಿ ಕೃತಕ ಮಂಜುಗಡ್ಡೆಯ ರಿಂಕ್ ಕಟ್ಟಿದ ಈ ಹಟಮಾರಿಗಳು ಏಳು ಜನರ ಆಟವನ್ನು ಬಿಡಲು ಒಪ್ಪಲಿಲ್ಲ.

ಇದರಿಂದ ತಮಾಷೆಯ ಪರಿಸ್ಥಿತಿ ಹುಟ್ಟಿತು. ಪೂರ್ವದ ಚಾಂಪಿಯನ್‌ಗೂ ಪಶ್ಚಿಮದ ಚಾಂಪಿಯನ್‌ಗೂ ಸ್ಟ್ಯಾನ್ಲಿ ಕಪ್‌ಗಾಗಿ ಸೆಣಸಾಟ ನಡೆದಾಗ ಒಂದು ಪಂದ್ಯ ಆರು ಜನರದು, ಮರುಪಂದ್ಯ ಏಳು ಜನರದು. 1919ರ ಫೈನಲ್‌ನಲ್ಲಿ ಸಿಯಾಟಲ್ ತಂಡ ಪಶ್ಚಿಮದ ನಿಯಮದ ಮೊದಲ ಪಂದ್ಯವನ್ನು 7-0ರಿಂದ ಗೆದ್ದಿತು. ಪೂರ್ವದ ನಿಯಮಕ್ಕೆ ಬಂದಾಗ ಮಾಂಟ್ರಿಯಲ್ 4-2ರಿಂದ ತಿರುಗೇಟು ಕೊಟ್ಟಿತು. ಮತ್ತೆ ಪಶ್ಚಿಮದ ನಿಯಮ, ಮತ್ತೆ ಸಿಯಾಟಲ್, 7-2. ಯಾವ ಆಟ ಮೇಲು ಎಂಬ ವಾದ ಇತ್ಯರ್ಥವಾಗುವ ಮೊದಲೇ ಇನ್‌ಫ್ಲುಯೆಂಜಾ ಮಹಾಮಾರಿ ಆಟಗಾರರನ್ನು ಮಲಗಿಸಿತು. ಕೊನೆಯ ಪಂದ್ಯ ರದ್ದಾಯಿತು, ಮಾಂಟ್ರಿಯಲ್‌ನ ಜೋ ಹಾಲ್ ಅದೇ ಜ್ವರಕ್ಕೆ ಬಲಿಯಾದ. ಪ್ಯಾಟ್ರಿಕ್ ಸಹೋದರರು 1922ರವರೆಗೂ ಪಟ್ಟು ಸಡಿಲಿಸದೆ, ಆಮೇಲೆ ಆರಕ್ಕೆ ಒಪ್ಪಿದರು.

ಈ ನಡುವೆ ಆಟ ಅಟ್ಲಾಂಟಿಕ್ ದಾಟಿತ್ತು. 1920ರ ಏಪ್ರಿಲ್‌ನಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಐಸ್ ಹಾಕಿ ನಡೆದಾಗ ಏಳು ದೇಶಗಳು ಬಂದವು, ತಂಡಕ್ಕೆ ಏಳು ಜನರಂತೆ ಆಡಿದವು. ಕೆನಡಾದಿಂದ ಬಂದ ವಿನಿಪೆಗ್ ಫಾಲ್ಕನ್ಸ್ ತಂಡದಲ್ಲಿದ್ದ ಆಟಗಾರರು ಎಂಟೇ ಮಂದಿ. ಅವರೇ ಚಿನ್ನ ಗೆದ್ದರು. ಸ್ವೀಡನ್ ಕಳಿಸಿದ್ದು ಬ್ಯಾಂಡಿ ಎಂಬ ಮಂಜುಗಡ್ಡೆಯ ಚೆಂಡಾಟದಲ್ಲಿ ಪಳಗಿದವರನ್ನು. ಕೆನಡಾ ಎದುರು 12-1ರಿಂದ ಸೋತ ಅವರು ಮನೆಗೆ ಮರಳಿ ಹೊಸ ಆಟವನ್ನು ಕಲಿತೇಬಿಟ್ಟರು. ನಾಲ್ಕು ವರ್ಷಗಳ ನಂತರ ಫ್ರಾನ್ಸಿನ ಶಾಮನಿಯಲ್ಲಿ ರೋವರ್ ಇರಲಿಲ್ಲ. ಗೋಲ್‌ಕೀಪರ್ ಸೇರಿ ಆರು ಜನ ಎಂಬುದು ಜಗತ್ತಿನ ಲೆಕ್ಕವಾಯಿತು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಅದನ್ನು ಮುಂದುವರಿಸಿದ್ದು ರೈಲುಗಾಡಿ. 1942ರ ನವೆಂಬರ್‌ನಲ್ಲಿ, ಯುದ್ಧಕಾಲದ ರೈಲು ವೇಳಾಪಟ್ಟಿ ತಪ್ಪಬಾರದೆಂದು ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಲೀಗ್ ಹಂತದ ಪಂದ್ಯಗಳ ಹೆಚ್ಚುವರಿ ಅವಧಿಯನ್ನು ರದ್ದುಮಾಡಿತು. ಯುದ್ಧ ಮುಗಿದರೂ ಅದು ಮರಳಲಿಲ್ಲ. ನಲವತ್ತು ವರ್ಷ ಪಂದ್ಯಗಳು ಸಮಬಲದಲ್ಲೇ ಮುಗಿದವು. 1983ರಲ್ಲಿ ಐದು ನಿಮಿಷದ ಹೆಚ್ಚುವರಿ ಅವಧಿ ಬಂತು, ಆದರೆ ಎರಡೂ ತಂಡಗಳು ಸೋಲಿಗೆ ಹೆದರಿ ಬಾಗಿಲು ಕಾಯುತ್ತ ಕೂತವು. 1999ರಲ್ಲಿ ಗೋಲ್‌ಕೀಪರ್ ಬಿಟ್ಟು ನಾಲ್ವರನ್ನು ಇಳಿಸಿ ನೋಡಿದರು. ಅದೂ ಸಾಲದೆ 2005ರಲ್ಲಿ ಶೂಟೌಟ್ ತಂದರು. ತಿಂಗಳುಗಟ್ಟಲೆ ಬೆವರು ಸುರಿಸಿ ಕಟ್ಟಿದ ತಂಡದ ಹಣೆಬರಹ ಒಬ್ಬೊಬ್ಬನ ಒಂದೊಂದು ಹೊಡೆತದಲ್ಲಿ ತೀರ್ಮಾನವಾಗುವುದು ಹಳಬರಿಗೆ ನುಂಗಲಾರದ ತುತ್ತಾಯಿತು.

ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ವ್ಯವಸ್ಥಾಪಕ ಕೆನ್ ಹಾಲಂಡ್ ಒಂದೇ ಮಾತು ಹಿಡಿದು ಕೂತಿದ್ದರು: ಮೂವರ ಎದುರು ಮೂವರನ್ನು ಆಡಿಸಿ. ಇದೇನು ಗಲ್ಲಿ ಆಟವೇ ಎಂದು ಉಳಿದವರು ತಳ್ಳಿಹಾಕುತ್ತಿದ್ದರು. 2010ರಲ್ಲಿ ಟೊರಾಂಟೊದಲ್ಲಿ ನಡೆದ ಪ್ರಯೋಗ ಶಿಬಿರದಲ್ಲಿ ಹದಿಹರೆಯದ ಹುಡುಗರ ಮೇಲೆ ಅದನ್ನು ಪರೀಕ್ಷಿಸಿದರು. 2014-15ರಲ್ಲಿ ಕೆಳ ಹಂತದ ಅಮೆರಿಕನ್ ಹಾಕಿ ಲೀಗ್ ಧೈರ್ಯ ಮಾಡಿ, ಏಳು ನಿಮಿಷದ ಹೆಚ್ಚುವರಿ ಅವಧಿಯ ಕೊನೆಯ ಭಾಗಕ್ಕೆ ಮೂವರನ್ನಷ್ಟೇ ಇಳಿಸಿತು. ಹಿಂದಿನ ವರ್ಷ ಹೆಚ್ಚುವರಿ ಅವಧಿಗೆ ಹೋದ ಪಂದ್ಯಗಳಲ್ಲಿ ಮೂರರಲ್ಲಿ ಒಂದು ಮಾತ್ರ ಶೂಟೌಟ್‌ಗೆ ಮೊದಲು ಮುಗಿಯುತ್ತಿತ್ತು, ಈಗ ನಾಲ್ಕರಲ್ಲಿ ಮೂರು ಮುಗಿದವು. 2015ರಲ್ಲಿ ಎನ್‌ಎಚ್‌ಎಲ್ ಕೂಡ ಶರಣಾಯಿತು.

ಅದೇ ಋತುವಿನ ತಾರೆಯರ ಪಂದ್ಯವನ್ನೂ ಮೂವರ ಆಟವಾಗಿ ಬದಲಿಸಿದರು. ಅದಕ್ಕೆ ನಾಯಕರನ್ನು ಆರಿಸುವ ಮತದಾನದಲ್ಲಿ ಅಭಿಮಾನಿಗಳು ಕುಚೋದ್ಯಕ್ಕೆ ಜಾನ್ ಸ್ಕಾಟ್‌ನನ್ನು ಗೆಲ್ಲಿಸಿದರು. ಆರಡಿ ಎಂಟು ಅಂಗುಲದ ಈ ಆಳಿನ ಕೆಲಸ ಗೋಲು ಹೊಡೆಯುವುದಲ್ಲ, ಎದುರಾಳಿಗಳ ಜೊತೆ ಗುದ್ದಾಡುವುದು. ಇಡೀ ವೃತ್ತಿಜೀವನದಲ್ಲಿ ಹೊಡೆದ ಗೋಲು ಐದು. ಮರ್ಯಾದೆಯಿಂದ ಹಿಂದೆ ಸರಿ ಎಂಬ ಒತ್ತಡ ಬಂತು. ನಡುವೆ ಅವನನ್ನು ಬೇರೆ ತಂಡಕ್ಕೆ ಮಾರಿ, ಕೆಳಗಿನ ಲೀಗ್‌ಗೆ ಅಟ್ಟಿದರು. ಸ್ಕಾಟ್ ಜಗ್ಗಲಿಲ್ಲ. 2016ರ ಜನವರಿ 31ರಂದು ನ್ಯಾಶ್‌ವಿಲ್‌ನಲ್ಲಿ ಇಳಿದು, ಒಂದೇ ಪಂದ್ಯದಲ್ಲಿ ಎರಡು ಗೋಲು ಹೊಡೆದ. ಅವನ ತಂಡ ಹತ್ತು ಲಕ್ಷ ಡಾಲರ್ ಬಹುಮಾನ ಗೆದ್ದಿತು, ಅವನು ಶ್ರೇಷ್ಠ ಆಟಗಾರನಾದ, ಜೊತೆಗಾರರು ಹೆಗಲ ಮೇಲೆ ಹೊತ್ತು ಮೆರೆಸಿದರು. ಗಲ್ಲಿ ಆಟವೆಂದು ಮೂದಲಿಸಿದವರೂ ಅಂದು ಕಣ್ಣು ಕೀಳದೆ ನೋಡಿದರು.

ದೊಡ್ಡವರ ಈ ಗದ್ದಲದ ಪಕ್ಕದಲ್ಲೇ ಮಕ್ಕಳ ರಿಂಕ್‌ಗಳಲ್ಲಿ ಇನ್ನೊಂದು ಕದನ ನಡೆದಿತ್ತು. 2009ರಲ್ಲಿ ಯುಎಸ್‌ಎ ಹಾಕಿ ಸಂಸ್ಥೆ ಮಕ್ಕಳ ತರಬೇತಿಗೆ ಹೊಸ ಮಾದರಿ ತಂದಿತು. ಎಂಟು ವರ್ಷದೊಳಗಿನವರು ಉದ್ದಕ್ಕೆ ಆಡುವುದು ಬೇಡ. ರಿಂಕನ್ನು ಅಡ್ಡಡ್ಡವಾಗಿ ಭಾಗ ಮಾಡಿ, ಚಿಕ್ಕ ಗೋಲು ಇಟ್ಟು, ಕೆಲವೇ ಮಕ್ಕಳನ್ನು ಆಡಿಸಬೇಕು ಎಂದಿತು. ಅಪ್ಪ-ಅಮ್ಮಂದಿರು ಸಿಟ್ಟಾದರು. ದುಡ್ಡು ಕೊಟ್ಟದ್ದು ಪೂರ್ತಿ ರಿಂಕ್‌ಗೆ, ನಮ್ಮ ಮಗುವಿಗೆ ಮೂರನೇ ಒಂದು ಪಾಲು ಯಾಕೆ ಎಂಬುದು ಅವರ ತಕರಾರು. 2017ರಲ್ಲಿ ಕೆನಡಾ ಪುಟಾಣಿಗಳಿಗೆ ಇದೇ ನಿಯಮ ಕಡ್ಡಾಯ ಮಾಡಿದಾಗಲೂ ಅದೇ ಕೂಗು ಎದ್ದಿತು.

ವಾದದಿಂದ ಬಗೆಹರಿಯದ್ದನ್ನು ಮಿನೆಸೋಟಾದ ಬಯಲು ರಿಂಕ್ ಒಂದರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಎಂಟು ವರ್ಷದ ಮಗುವಿಗೆ ಪೂರ್ಣ ರಿಂಕ್ ಎಷ್ಟು ದೊಡ್ಡದಾಗಿ ಕಾಣುತ್ತದೋ ಅದೇ ಪ್ರಮಾಣದಲ್ಲಿ ಅಂಕಣವನ್ನೂ ಗೋಲನ್ನೂ ಹಿಗ್ಗಿಸಿ, ಅದರೊಳಗೆ ವಯಸ್ಕರನ್ನು ಬಿಟ್ಟರು. ಹುರುಪಿನಿಂದ ಇಳಿದವರು ಸ್ವಲ್ಪ ಹೊತ್ತಿಗೇ ಏದುಸಿರು ಬಿಡತೊಡಗಿದರು. ಪಕ್ ಅಟ್ಟಿಸಿಕೊಂಡು ಹೋಗುವುದರಲ್ಲೇ ಕಾಲು ಸೋತವು, ಪಾಸ್ ಕೊಡಲು ಹತ್ತಿರ ಯಾರೂ ಇರಲಿಲ್ಲ. ಮಕ್ಕಳು ವಾರವಾರ ಅನುಭವಿಸುತ್ತಿದ್ದುದು ಅದನ್ನೇ.

ಇಷ್ಟು ಹೊತ್ತಿಗೆ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟಕ್ಕೆ ಬೇರೊಂದು ತಲೆನೋವು ಹತ್ತಿತ್ತು. ಯುವ ಒಲಿಂಪಿಕ್ಸ್‌ನಲ್ಲಿ ಪೂರ್ಣ ತಂಡಗಳ ಸ್ಪರ್ಧೆಗೆ ಬೆರಳೆಣಿಕೆಯ ದೇಶಗಳಿಗಷ್ಟೇ ಜಾಗ. ಉಳಿದವರನ್ನು ಒಳಗೆ ತರಲು 2012 ಮತ್ತು 2016ರಲ್ಲಿ ವೈಯಕ್ತಿಕ ಕೌಶಲದ ಸ್ಪರ್ಧೆ ನಡೆಸಿದರು. ಒಬ್ಬಂಟಿಯಾಗಿ ಸ್ಕೇಟ್ ಮಾಡು, ಗುರಿಯಿಟ್ಟು ಹೊಡೆ, ಪದಕ ತಗೋ. ಪುಟ್ಟ ದೇಶದ ಮಕ್ಕಳು ಬಂದರು ನಿಜ, ಆದರೆ ತಂಡವಿಲ್ಲದ ಹಾಕಿಯಲ್ಲಿ ಹಾಕಿಯೇ ಇರಲಿಲ್ಲ.

2020ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಆ ಸ್ಪರ್ಧೆ ಕೈಬಿಟ್ಟು ಮೂವರ ಆಟಕ್ಕೆ ಕೈ ಹಾಕಿದರು. ಬೇರೆ ಬೇರೆ ದೇಶದ ಮಕ್ಕಳನ್ನು ಕಲೆಸಿ, ತಂಡಕ್ಕೆ ಹದಿಮೂರು ಮಂದಿಯಂತೆ ಹಂಚಿದರು. ತಂಡಗಳಿಗೆ ದೇಶದ ಹೆಸರಿಲ್ಲ, ಬಣ್ಣದ ಹೆಸರು: ಹಸಿರು, ಹಳದಿ, ಕೆಂಪು, ನೀಲಿ. ಪಕ್ಕದಲ್ಲಿ ಕೂತವನ ಭಾಷೆ ಗೊತ್ತಿಲ್ಲ, ಕೋಚ್ ಹೇಳಿದ್ದು ಅರ್ಧ ತಿಳಿಯದು. ಆದರೂ ಕೈಸನ್ನೆಯಲ್ಲೇ ಆಟ ಕುದುರಿತು. ಅಡ್ಡ ರಿಂಕ್‌ನಲ್ಲಿ ಪಕ್ ಒಂದು ಗೋಲಿನಿಂದ ಇನ್ನೊಂದಕ್ಕೆ ನಿಲ್ಲದೆ ಓಡಿತು.

2024ರಲ್ಲಿ ದಕ್ಷಿಣ ಕೊರಿಯಾದ ಗಂಗ್ವಾನ್‌ನಲ್ಲಿ ಒಂದು ಹೆಜ್ಜೆ ಮುಂದಿಟ್ಟು, ಮೂವರ ಆಟಕ್ಕೂ ದೇಶವಾರು ತಂಡಗಳನ್ನೇ ಕರೆದರು. ಬಾಲಕರ ಚಿನ್ನ ಲಾಟ್ವಿಯಾಕ್ಕೆ, ಬಾಲಕಿಯರ ಚಿನ್ನ ಹಂಗೆರಿಗೆ ಹೋಯಿತು. ಆತಿಥೇಯ ಕೊರಿಯಾದ ಹುಡುಗಿಯರು ಬೆಳ್ಳಿ ಗೆದ್ದರು. ಕೆನಡಾ, ಅಮೆರಿಕ, ಸ್ವೀಡನ್‌ಗಳ ನೆರಳಿನಲ್ಲೇ ಇರುತ್ತಿದ್ದ ದೇಶಗಳ ಧ್ವಜಗಳು ಯುವ ಒಲಿಂಪಿಕ್ ಹಾಕಿ ವೇದಿಕೆಯ ಮೇಲೆ ಏರಿದವು.

ಗುಟ್ಟು ಸರಳವಾಗಿತ್ತು. 60 ಮೀಟರ್ ಉದ್ದ, 30 ಮೀಟರ್ ಅಗಲದ ರಿಂಕ್‌ನಲ್ಲಿ 1800 ಚದರ ಮೀಟರ್ ಮಂಜುಗಡ್ಡೆ. ಗೋಲ್‌ಕೀಪರ್‌ಗಳನ್ನು ಬಿಟ್ಟು ಹತ್ತು ಮಂದಿ ಆಡಿದರೆ ತಲೆಗೆ 180 ಚದರ ಮೀಟರ್. ಆರು ಮಂದಿಯಾದರೆ 300. ಎನ್‌ಎಚ್‌ಎಲ್‌ಗೆ ಸಿಕ್ಕಿದ್ದು ಇಂಥ ಬಯಲು, ಅದರಿಂದಲೇ ಗೋಲು ಬೇಗ ಬಂದವು. ಅಡ್ಡ ರಿಂಕ್‌ನ ಲೆಕ್ಕ ತಿರುಗುಮುರುಗು. ಅಲ್ಲಿ ತಲೆಗೆ ಸಿಗುವುದು 100 ಚದರ ಮೀಟರ್ ಮಾತ್ರ, ಆದರೆ ಒಂದು ಪಕ್‌ಗೆ ಪಾಲುದಾರರು ಹತ್ತರ ಬದಲು ಆರು. ಪ್ರತಿ ಮಗುವಿನ ಕೋಲಿಗೂ ಪಕ್ ಮತ್ತೆ ಮತ್ತೆ ತಾಗುತ್ತದೆ, ಒಂದೇ ರಿಂಕ್‌ನಲ್ಲಿ ಮೂರು ಪಂದ್ಯ ಒಟ್ಟಿಗೆ ಸಾಗುತ್ತವೆ. ವಿಶ್ವ ಚಾಂಪಿಯನ್‌ಷಿಪ್‌ನ ಪೂರ್ಣ ತಂಡಕ್ಕೆ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಬೇಕು, ಇಲ್ಲಿ ಹದಿಮೂರು ಸಾಕು.

ಈ ಲೆಕ್ಕ ಯಾರಿಗೆ ಒದಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಭಾರತ 1989ರಲ್ಲೇ ಅಂತಾರಾಷ್ಟ್ರೀಯ ಒಕ್ಕೂಟದ ಸದಸ್ಯನಾಯಿತು. ಆದರೆ ಲಡಾಖ್‌ನ ಆಟಗಾರರು ವರ್ಷಗಟ್ಟಲೆ ನೆಚ್ಚಿದ್ದು ಚಳಿಗಾಲದ ಒಂದೆರಡು ತಿಂಗಳು ಹೆಪ್ಪುಗಟ್ಟುವ ಕೆರೆಗಳನ್ನೇ. ಮಹಿಳಾ ತಂಡ 2016ರಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿತು, ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸನ್ನು 4-3ರಿಂದ ಮಣಿಸಿ ಮೊದಲ ಗೆಲುವು ಕಂಡಿತು. ಆಳಿಗೆ ಬರವಿರುವಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಈ ಆಟ ನಿಜಕ್ಕೂ ನೆರವಾಗುತ್ತದೆ.

ಆದರೆ ಗಂಗ್ವಾನ್‌ನಲ್ಲಿ ಗೆದ್ದ ಲಾಟ್ವಿಯಾ ಮತ್ತು ಹಂಗೆರಿ ದಶಕಗಳಿಂದ ರಿಂಕ್ ಕಟ್ಟಿ, ಕೋಚ್‌ಗಳನ್ನು ಬೆಳೆಸಿದ ದೇಶಗಳು. ಚಿಕ್ಕ ತಂಡದ ಆಟ ಆಟಗಾರರ ಕೊರತೆಯನ್ನು ನೀಗಿಸಬಲ್ಲದು, ಮಂಜುಗಡ್ಡೆಯ ಕೊರತೆಯನ್ನಲ್ಲ. ಹೊಸ ದೇಶಗಳಲ್ಲಿ ಐಸ್ ಹಾಕಿ ಬೇರೂರಬೇಕಾದರೆ ಮೂವರ ಆಟದ ಜೊತೆಗೆ ವರ್ಷವಿಡೀ ತೆರೆದಿರುವ ಒಂದು ರಿಂಕ್ ಕೂಡ ಬೇಕು.