ಲಗ್ಗೆರೆಯ ಕ್ರಾಸಿಗೆ ಬಂದ ಆಪರೇಷನ್ ವ್ಯಾನು

ಭಾನುವಾರ ಬೆಳಿಗ್ಗೆ ಏಳು ಗಂಟೆ. ಲಗ್ಗೆರೆ ಬ್ರಿಡ್ಜಿನಿಂದ ಸ್ಲಂ ಬೋರ್ಡ್ ಮನೆಗಳ ಕಡೆ ತಿರುಗಿದರೆ ಹೊಂಗೆ ಮರದ ಕೆಳಗೆ ನಾಯಿ-ಬೆಕ್ಕುಗಳ ಸಂತಾನಹರಣ ಆಪರೇಷನ್ನಿನ ಬಿಳಿ ವ್ಯಾನು. ಅದರ ಹಿಂದೆ ಸಾಲು. ಅಕ್ಕಿ ಚೀಲದ ಬಾಯಿಂದ ತಲೆ ಮಾತ್ರ ಹೊರಗಿಟ್ಟ ಬೆಕ್ಕು, ನೈಲಾನ್ ಹಗ್ಗದ ಕೊನೆಯಲ್ಲೊಂದು ನಾಯಿ, ಹಳೇ ಸೀರೆ ಸುತ್ತಿಸಿಕೊಂಡು ಕಂಕುಳೇರಿದ ಇನ್ನೊಂದು, ಬೋರಲು ಹಾಕಿದ ಟೊಮೆಟೊ ಕ್ರೇಟಿನೊಳಗೆ ಗುರುಗುಟ್ಟುವ ಮತ್ತೊಂದು ಬೆಕ್ಕು. ದೊಡ್ಡವೆಲ್ಲ ರಾತ್ರಿಯಿಂದ ಉಪವಾಸ. ಹೊಟ್ಟೆಯಲ್ಲಿ ಅನ್ನವಿದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುವ ಅಪಾಯ. ಸಹಾಯಕ ಹುಡುಗ ಇದನ್ನೇ ಹೇಳುತ್ತ ಸಾಲಿನುದ್ದಕ್ಕೂ ಓಡಾಡಿ, ಮಕ್ಕಳ ಜೇಬನ್ನೂ ತಡವಿದ. ಎರಡು ಪೊಟ್ಟಣ ಪಾರ್ಲೆ-ಜಿ ಸಿಕ್ಕವು.

ಸಾಲಿನಲ್ಲಿ ಮುಕ್ಕಾಲು ಪಾಲು ಹೆಂಗಸರು, ಹೆಚ್ಚಿನವರು ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವರು. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆಯಲ್ಲ, ಅಲ್ಲಿಗೆ ಹೋಗಬಹುದಿತ್ತಲ್ಲ ಅಂದೆ. ನೈಲಾನ್ ಹಗ್ಗದಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಣ್ಣ, ಕರ್ಕೊಂಡೋಗಕ್ಕೆ ಒಂದಿನ ರಜ, ಹೊಲಿಗೆ ತೋರ್ಸಕ್ಕೆ ಇನ್ನೊಂದಿನ. ರಜ ಹಾಕಿದ್ರೆ ಅಟೆಂಡೆನ್ಸ್ ಬೋನಸ್ಸೂ ಇಲ್ಲ. ನಾಯಿ ನೋಡಿದ್ರೆ ಆಟೋದವ್ನು ನಿಲ್ಸಲ್ಲ, ನಿಲ್ಸಿದ್ರೆ ಡಬಲ್ ಕೇಳ್ತಾನೆ” ಎಂದಳು. ಅವಳ ಲೆಕ್ಕದಲ್ಲಿ ಆಪರೇಷನ್ ಫೀ ಬರಲೇ ಇಲ್ಲ. ಉಚಿತವೆಂದು ಬೋರ್ಡು ಹಾಕಿದ ಎಷ್ಟೋ ಸೇವೆಗಳಿಗೆ ಜನ ಯಾಕೆ ಹೋಗುವುದಿಲ್ಲ ಎಂದು ತಲೆ ಕೆರೆದುಕೊಳ್ಳುವ ಅಧಿಕಾರಿಗಳು ಈ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಬೇಕು.

ಮೇಜಿನ ಹುಡುಗಿ ಬಿಪಿಎಲ್ ಕಾರ್ಡು ಕೇಳುತ್ತಾಳೆ. ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಕಾರ್ಡು ಊರಲ್ಲೇ ಇರುತ್ತದೆ. ಮೊಬೈಲಿನಲ್ಲಿರುವ ಮಸುಕು ಫೋಟೋಗಳಿಗೆ ಅವಳು ತಕರಾರು ತೆಗೆಯಲಿಲ್ಲ. ಆಮೇಲೆ ತೂಕ. ಒಡತಿ ನಾಯಿ ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ತಕ್ಕಡಿ ಹತ್ತುತ್ತಾಳೆ. ಕಳೆದರೆ ಉಳಿದದ್ದು ನಾಯಿ. ತನ್ನ ತೂಕವನ್ನೂ ಗಟ್ಟಿಯಾಗಿ ಕೂಗಿದ್ದಕ್ಕೆ ಒಬ್ಬಾಕೆ ಹುಡುಗನ ಮೇಲೆ ರೇಗಿದಳು.

ಡಾಕ್ಟರಮ್ಮ ಮೊದಲು ತುಟಿ ಎತ್ತಿ ಒಸಡು ಒತ್ತಿ ನೋಡುತ್ತಾರೆ. ಗುಲಾಬಿ ಬಣ್ಣ ತಿರುಗಿ ಬಂದರೆ ಸರಿ. ಬಿಳಿಚಿಕೊಂಡಿದ್ದರೆ ಉಣ್ಣೆಯಿಂದ ಬಂದ ಜ್ವರವೋ, ಬೇರೇನೋ, ರಕ್ತ ಕಡಿಮೆ. ಅಂಥವಕ್ಕೆ ಇವತ್ತು ಕತ್ತರಿ ಇಲ್ಲ, ಮಾತ್ರೆ ಕೊಟ್ಟು ಮುಂದಿನ ಸಲ ಬನ್ನಿ ಅನ್ನುತ್ತಾರೆ. ಸೀರೆಯ ನಾಯಿ ಹಾಗೆ ವಾಪಸಾಯಿತು. ಅದನ್ನು ತಂದ ಅಜ್ಜಿಗೆ ಬೇಜಾರು; ನನಗೆ ಆ ಡಾಕ್ಟರ ಮೇಲೆ ನಂಬಿಕೆ ಬಂದದ್ದು ಆಗಲೇ.

ವ್ಯಾನಿನೊಳಗೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಸ್ಟೀಲ್ ಟೇಬಲ್ಲು, ತಲೆಯ ಮೇಲೆ ದೀಪ, ಮೂಲೆಯಲ್ಲಿ ಆಟೋಕ್ಲೇವ್, ಹೊರಗೆ ಜನರೇಟರಿನ ಗುಡುಗುಡು. ಕೆಟಮಿನ್ ಕೊಟ್ಟಾಗ ಪ್ರಾಣಿ ಕಣ್ಣು ತೆರೆದೇ ಮಲಗುತ್ತದೆ. ರೆಪ್ಪೆ ಬಡಿಯದ ಕಣ್ಣು ಒಣಗದಂತೆ ಮುಲಾಮು ಹಚ್ಚುತ್ತಾರೆ. ಗಂಡಿನ ಕೆಲಸ ಬೇಗ ಮುಗಿಯುತ್ತದೆ. ಹೆಣ್ಣಿಗೆ ಹೊಟ್ಟೆ ತೆರೆದು ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯಬೇಕು. ಸಣ್ಣದೊಂದು ಗಾಯದೊಳಗೆ ಬೆರಳು ಹಾಕಿ, ಕಣ್ಣಿಗೆ ಕಾಣದ್ದನ್ನು ಮುಟ್ಟಿಯೇ ಹುಡುಕುವ ಆ ಕೈಯನ್ನು ನೋಡುತ್ತ ನಿಂತುಬಿಟ್ಟೆ. ಮುಗಿದವುಗಳ ಮೈ ತಣ್ಣಗಾಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡುತ್ತಾರೆ.

ಹೊರಗೆ ವಾದ ನಡೆದಿತ್ತು. “ಒಂದ್ಸಲನಾದ್ರೂ ಹೆರ್ಲಿ ಮೇಡಂ, ಪಾಪ ಸುತ್ತುತ್ತೆ.” ಡಾಕ್ಟರಮ್ಮ ಗ್ಲೌಸ್ ಬದಲಿಸುತ್ತಲೇ ಉತ್ತರಿಸಿದರು: ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗೆಡ್ಡೆಯ ಭಯ ಬಹಳ ಕಡಿಮೆ, ಬಿಟ್ಟರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಬರಬಹುದು. ಪಾಪ ಯಾರನ್ನು ಸುತ್ತುತ್ತದೆ ಎಂಬುದರ ಬಗ್ಗೆ ಅವರು ಏನೂ ಹೇಳಲಿಲ್ಲ. ಕಾರ್ತಿಕ ಹತ್ತಿರ ಬಂದಿದೆ. ಬೆದೆ ಎದ್ದು ಗಂಡಿನ ಜೊತೆ ಕೂಡಿದರೆ ಅಲ್ಲಿಂದ ಸುಮಾರು 63 ದಿನಕ್ಕೆ ಮರಿ. ಒಂದು ರೂಮಿನ ಮನೆಯಲ್ಲಿ ಆರು ಮರಿ ಎಲ್ಲಿ ಇಡುವುದು, ಯಾವ ಮೋರಿಯ ಬದಿಗೆ ಬಿಡುವುದು ಎಂಬುದು ಸಾಲಿನಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಕೊನೆಯ ನಾಯಿ ಕಾಳಿ. ಅದನ್ನು ತಂದವರು ಮೂವರು. ಬೆಳಿಗ್ಗೆ ಒಂದು ಮನೆಯಲ್ಲಿ ಹಾಲು, ಮಧ್ಯಾಹ್ನ ಇನ್ನೊಂದರಲ್ಲಿ ಮುದ್ದೆ, ರಾತ್ರಿ ಮೂರನೆಯದರ ಮೆಟ್ಟಿಲ ಕೆಳಗೆ ನಿದ್ದೆ. ಫಾರಂನಲ್ಲಿ ಮಾಲೀಕರ ಹೆಸರು ಬರೆಯಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಆಪರೇಷನ್ ಒಡೆಯರ ಹೊಣೆ, ಬೀದಿನಾಯಿಯದು ಸ್ಥಳೀಯ ಸಂಸ್ಥೆಯದು. ಕಾಳಿ ಎರಡೂ ಹೌದು, ಎರಡೂ ಅಲ್ಲ. ನಮ್ಮ ಊರುಗಳ ಅರ್ಧ ನಾಯಿಗಳು ಹೀಗೇ ಬದುಕುತ್ತವೆ, ಕಾಗದಕ್ಕೆ ಮಾತ್ರ ಅದು ತಿಳಿಯದು. ಬೀದಿಯದೆಂದರೆ ಕಿವಿಯ ತುದಿ ಕತ್ತರಿಸಬೇಕು. ಮುದ್ದೆ ಹಾಕುವಾಕೆ ಬೇಡವೆಂದು ಹಟ ಹಿಡಿದಳು. ಗುರುತಿಲ್ಲದಿದ್ದರೆ ನಾಯಿ ಹಿಡಿಯುವವರು ಮತ್ತೆ ಎತ್ತಿಕೊಂಡು ಹೋಗುತ್ತಾರೆ ಎಂದ ಮೇಲೆ ಒಪ್ಪಿದಳು. ಹುಡುಗಿ ಪೆನ್ನು ಕಚ್ಚುತ್ತ ಕೂತು, ಮೂವರ ಹೆಸರನ್ನೂ ಒಂದೇ ಗೆರೆಯಲ್ಲಿ ತುರುಕಿದಳು.

ಸಂಜೆ ಐದಕ್ಕೆ ಕಾಳಿ ತಲೆ ಎತ್ತಿತು. ಹತ್ತು ದಿನ ಗಾಯ ನೆಕ್ಕಬಾರದು, ಒದ್ದೆಯಾಗಬಾರದು. ಮೂವರೂ ಬೆಡ್‌ಶೀಟಿನ ಅಂಚು ಹಿಡಿದು ಎತ್ತಿಕೊಂಡರು. ಮೂರನೇ ಕ್ರಾಸಿನ ತಿರುವಿನಲ್ಲಿ ನಿಂತು, ಇವತ್ತು ರಾತ್ರಿ ಯಾರ ಮನೆಗೆ ಎಂದು ಜಗಳ ಶುರುಮಾಡಿದರು.