ಮೂರು ಗಂಟೆ ಇಪ್ಪತ್ತೊಂಬತ್ತು ನಿಮಿಷ

2024ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಒಂದು ಅಂಕಿ ಪ್ರಕಟಿಸಿತು: 3.48. ನರ್ಸಿಂಗ್ ಹೋಮಿನಲ್ಲಿರುವ ತಲಾ ಒಬ್ಬರಿಗೆ ದಿನಕ್ಕೆ ಕನಿಷ್ಠ ಇಷ್ಟು ಗಂಟೆಯ ಶುಶ್ರೂಷೆ ಸಿಗಲೇಬೇಕು ಎಂಬ ನಿಯಮವದು. ಲೆಕ್ಕ ಬಿಡಿಸಿದರೆ ಮೂರು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಅದರಲ್ಲಿ 33 ನಿಮಿಷ ರಿಜಿಸ್ಟರ್ಡ್ ನರ್ಸ್‌ಗಳದ್ದು. ಎರಡು ಗಂಟೆ 27 ನಿಮಿಷ ನರ್ಸ್ ಏಡ್‌ಗಳದ್ದು, ಅಂದರೆ ಮೈ ಒರೆಸಿ, ಡೈಪರ್ ಬದಲಿಸಿ, ಮಗ್ಗುಲು ತಿರುಗಿಸಿ, ತುತ್ತು ಉಣಿಸುವವರದ್ದು. ಮಿಕ್ಕ ಅರ್ಧ ತಾಸನ್ನು ಶುಶ್ರೂಷಾ ಸಿಬ್ಬಂದಿಯಲ್ಲಿ ಯಾರು ತುಂಬಿದರೂ ಸರಿ. ಜೊತೆಗೆ ಇಪ್ಪತ್ನಾಲ್ಕು ಗಂಟೆಯೂ ಒಬ್ಬ ರಿಜಿಸ್ಟರ್ಡ್ ನರ್ಸ್ ಇರಬೇಕು. ಎರಡು ವರ್ಷ ತುಂಬುವ ಮೊದಲೇ ಸರ್ಕಾರವೇ ಈ ನಿಯಮವನ್ನು ರದ್ದು ಮಾಡಿತು. ಅದು ಹುಟ್ಟಿಬರಲು ಮಾತ್ರ ಸುಮಾರು ತೊಂಬತ್ತು ವರ್ಷ ಹಿಡಿದಿತ್ತು.

ನಮ್ಮೂರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಆಪರೇಷನ್ನಿಗೋ ಸೇರುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಸ್ವಂತ ಶಕ್ತಿಯಲ್ಲಿ ಬದುಕು ಸಾಗಿಸಲಾಗದ ವೃದ್ಧರು, ಮರೆವಿನ ಕಾಯಿಲೆಯವರು, ಪಾರ್ಶ್ವವಾಯು ಹೊಡೆದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಇಂಥವು ದೇಶದಲ್ಲಿ ಸುಮಾರು 15,000 ಇವೆ. ಅವುಗಳಲ್ಲಿರುವವರು ಹತ್ತಿರ ಹತ್ತಿರ ಹನ್ನೆರಡು ಲಕ್ಷ ಮಂದಿ.

ಕಥೆ ಶುರುವಾಗುವುದು 1935ರಲ್ಲಿ. ಅದಕ್ಕೂ ಮುಂಚೆ ಗತಿಯಿಲ್ಲದ ಮುದುಕರು ಪೂರ್‌ಹೌಸ್ ಎಂಬ ಸರ್ಕಾರಿ ಆಶ್ರಮಗಳಲ್ಲಿ ಕೊನೆಗಾಲ ಕಳೆಯುತ್ತಿದ್ದರು. ಅವುಗಳ ಕೆಟ್ಟ ಹೆಸರು ಎಷ್ಟಿತ್ತೆಂದರೆ, ರೂಸ್‌ವೆಲ್ಟ್ ಕಾಲದ ಸಾಮಾಜಿಕ ಭದ್ರತಾ ಕಾಯ್ದೆ ವೃದ್ಧರಿಗೆ ಸಹಾಯಧನ ಕೊಡುವಾಗ ಸರ್ಕಾರಿ ಸಂಸ್ಥೆಯಲ್ಲಿ ವಾಸಿಸುವವರನ್ನು ಹೊರಗಿಟ್ಟಿತು. ಪೂರ್‌ಹೌಸ್‌ಗಳು ಮುಚ್ಚಿಹೋಗಲಿ ಎಂಬುದು ಒಳ್ಳೆಯ ಆಶಯವೇ. ಆದರೆ ಕೈಯಲ್ಲಿ ಹಣ ಬಂದ ಮಾತ್ರಕ್ಕೆ ಮಂಚದಿಂದ ಏಳಲಾಗದವರು ಎದ್ದು ನಡೆಯುವುದಿಲ್ಲವಲ್ಲ! ಅವರು ಹೋಗಿ ಸೇರಿದ್ದು ಖಾಸಗಿ ಬೋರ್ಡಿಂಗ್ ಮನೆಗಳನ್ನು. ಆ ಮನೆಗಳವರು ಒಬ್ಬಿಬ್ಬರು ನರ್ಸ್‌ಗಳನ್ನು ಇಟ್ಟುಕೊಂಡರು, ಬಾಗಿಲಿಗೆ ನರ್ಸಿಂಗ್ ಹೋಮ್ ಎಂದು ಬೋರ್ಡು ಹಾಕಿದರು. ಕಾಸು ಸರ್ಕಾರದ್ದು, ಮನೆ ಖಾಸಗಿಯವರದ್ದು ಎಂಬ ಏರ್ಪಾಡು ಬೇರುಬಿಟ್ಟದ್ದು ಹೀಗೆ. ನನ್ನ ಮಟ್ಟಿಗೆ, ಮುಂದಿನ ಎಲ್ಲ ಜಗಳಗಳ ಮೂಲ ಇದೇ. ತಾನೇ ನಡೆಸದ ಮನೆಯೊಳಗೆ ಸರ್ಕಾರ ಇಣುಕಬಹುದು, ಎಣಿಸಬಹುದು, ದಂಡ ಹಾಕಬಹುದು. ಮಧ್ಯರಾತ್ರಿ ಕರೆಗಂಟೆ ಒತ್ತಿದ ಮುದುಕಿಯ ಬಳಿಗೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬುದು ಮಾಲೀಕನ ಸಂಬಳದ ಪಟ್ಟಿಯಲ್ಲಿ ತೀರ್ಮಾನವಾಗುವ ಸಂಗತಿ.

1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳು ಬಂದವು. ಹಣದ ಹೊಳೆಯೇ ಹರಿಯಿತು. ನಿಗದಿತ ಗುಣಮಟ್ಟ ಮುಟ್ಟಿದ ಮನೆಗಳು ಕಡಿಮೆಯಿದ್ದವು. ಹಾಗಾಗಿ ‘ಬಹುತೇಕ ಸರಿಯಿದೆ’ ಎಂಬ ಷರಾ ಬರೆದು ಸಾವಿರಾರು ಮನೆಗಳನ್ನು ಒಳಗೆ ಬಿಟ್ಟುಕೊಂಡರು. 1970ರ ಜನವರಿಯಲ್ಲಿ ಒಹಾಯೊದ ಮೇರಿಯೆಟ್ಟಾದಲ್ಲಿ ಒಂದು ನರ್ಸಿಂಗ್ ಹೋಮಿಗೆ ಬೆಂಕಿ ಬಿದ್ದು ಮೂವತ್ತಕ್ಕೂ ಹೆಚ್ಚು ವೃದ್ಧರು ಸತ್ತರು. ಅದೇ ವರ್ಷ ಬಾಲ್ಟಿಮೋರ್‌ನ ಇನ್ನೊಂದರಲ್ಲಿ ಸಾಲ್ಮೊನೆಲ್ಲಾ ಸೋಂಕು ಇಪ್ಪತ್ತೈದು ಮಂದಿಯನ್ನು ಬಲಿ ತೆಗೆದುಕೊಂಡಿತು. ಯೂಟಾದ ಸೆನೆಟರ್ ಫ್ರ್ಯಾಂಕ್ ಮಾಸ್ ವರ್ಷಗಟ್ಟಲೆ ವಿಚಾರಣೆ ನಡೆಸಿದರು. 1975ರಲ್ಲಿ ಎಲ್ಮಾ ಹೋಲ್ಡರ್ ಎಂಬಾಕೆ ನರ್ಸಿಂಗ್ ಹೋಮ್ ಸುಧಾರಣೆಗಾಗಿಯೇ ನಾಗರಿಕರ ಒಕ್ಕೂಟ ಕಟ್ಟಿದರು.

ರೇಗನ್ ಸರ್ಕಾರ ಬಂದದ್ದೇ ಇದ್ದಬದ್ದ ನಿಯಮಗಳನ್ನೂ ಸಡಿಲಿಸಲು ಹೊರಟಿತು. ಅದಕ್ಕೆ ಎದ್ದ ಗದ್ದಲದಿಂದ ಒಂದು ತಜ್ಞ ಸಮಿತಿ, ಆ ಸಮಿತಿಯ 1986ರ ವರದಿಯಿಂದ 1987ರ ಸುಧಾರಣಾ ಕಾಯ್ದೆ. ಸಹಿ ಹಾಕಿದ್ದು ಅದೇ ರೇಗನ್. ಏಡ್‌ಗಳಿಗೆ ಕನಿಷ್ಠ 75 ಗಂಟೆ ತರಬೇತಿ ಕಡ್ಡಾಯವಾಯಿತು. ರಿಜಿಸ್ಟರ್ಡ್ ನರ್ಸ್ ದಿನಕ್ಕೆ ಎಂಟು ಗಂಟೆ ಇರಬೇಕು ಎಂದಾಯಿತು. ಉಳಿದಂತೆ, ನಿವಾಸಿಗಳ ಅಗತ್ಯಕ್ಕೆ ಸಾಕಾಗುವಷ್ಟು ಸಿಬ್ಬಂದಿ ಇರಲಿ ಎಂದು ಬರೆದು ಕೈತೊಳೆದುಕೊಂಡರು. ಎಷ್ಟಿದ್ದರೆ ಸಾಕು? ಸರ್ಕಾರವೇ ನಡೆಸಿದ ಅಧ್ಯಯನ 2001ರಲ್ಲಿ ಉತ್ತರ ಕೊಟ್ಟಿತು: ದಿನಕ್ಕೆ 4.1 ಗಂಟೆಗಿಂತ ಕಡಿಮೆಯಾದರೆ ಆರೈಕೆ ಕೆಡತೊಡಗುತ್ತದೆ. ಆ ವರದಿ ಕಪಾಟು ಸೇರಿತು.

ಅಲ್ಲಿಯವರೆಗೆ ಯಾವ ಮನೆಯಲ್ಲಿ ಎಷ್ಟು ಜನ ದುಡಿಯುತ್ತಾರೆಂಬುದು ಮಾಲೀಕರು ಹೇಳಿದ ಮಾತಷ್ಟೇ ಆಗಿತ್ತು. ಒಬಾಮಾ ಕಾಲದ ಆರೋಗ್ಯ ಕಾಯ್ದೆ ಇದನ್ನು ಬದಲಿಸಿತು. 2016ರಿಂದ ಸಂಬಳದ ದಾಖಲೆಯ ಆಧಾರದಲ್ಲೇ ಲೆಕ್ಕ ಒಪ್ಪಿಸಬೇಕಾಯಿತು. ಹೇಳಿದ್ದಕ್ಕಿಂತ ಸಿಬ್ಬಂದಿ ಕಡಿಮೆ, ಶನಿವಾರ ಭಾನುವಾರವಂತೂ ಇನ್ನೂ ಕಡಿಮೆ ಎಂಬುದು ಆಗ ಬಯಲಾಯಿತು. ಅದೇ ದಾಖಲೆ ಹಿಡಿದು ಸಂಶೋಧಕರು ಇನ್ನೊಂದನ್ನು ತೋರಿಸಿದರು. ನಡುವಿನ ಮಟ್ಟದ ನರ್ಸಿಂಗ್ ಹೋಮಿನಲ್ಲೂ ಶುಶ್ರೂಷಾ ಸಿಬ್ಬಂದಿಯ ವಾರ್ಷಿಕ ಬದಲಾವಣೆ ಶೇ 94 ಇತ್ತು. ಅಂದರೆ ಹುದ್ದೆಗಳೆಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ ಜನ ವರ್ಷದೊಳಗೆ ಬಿಟ್ಟುಹೋಗುತ್ತಿದ್ದರು. ಹೋಗದೆ ಏನು ಮಾಡಿಯಾರು? ಏಡ್‌ಗಳಿಗೆ 2023ರಲ್ಲೂ ಗಂಟೆಗೆ 18 ಡಾಲರ್ ಆಸುಪಾಸಿನ ಕೂಲಿಯಿತ್ತು. ಗೋದಾಮಿನಲ್ಲಿ ಡಬ್ಬ ಎತ್ತಿಟ್ಟರೂ ಅಷ್ಟು ಸಿಗುತ್ತದೆ, ಸೊಂಟವೂ ಉಳಿಯುತ್ತದೆ.

2020ರ ಫೆಬ್ರವರಿಯ ಕೊನೆಯಲ್ಲಿ ಸಿಯಾಟಲ್ ಬಳಿಯ ಕಿರ್ಕ್‌ಲ್ಯಾಂಡ್‌ನ ನರ್ಸಿಂಗ್ ಹೋಮಿನಿಂದ ಕೋವಿಡ್ ಸುದ್ದಿ ಬಂತು. ಮುಂದೆ ಇಂಥ ಆರೈಕೆ ಕೇಂದ್ರಗಳ ನಿವಾಸಿಗಳು, ಸಿಬ್ಬಂದಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನರ್ಸಿಂಗ್ ಹೋಮುಗಳ ಒಟ್ಟು ಸಿಬ್ಬಂದಿಯ ಸಂಖ್ಯೆಯೂ ಸುಮಾರು ಅಷ್ಟೇ ಕುಸಿಯಿತು. ಕಪಾಟಿನ ಅಂಕಿಯನ್ನು ಬೈಡನ್ ಸರ್ಕಾರ ಕೈಗೆತ್ತಿಕೊಂಡದ್ದು ಆಮೇಲೆ. 4.1 ಅಲ್ಲ, 3.48, ಅದನ್ನೂ ಪೂರೈಸಲು ಪಟ್ಟಣಗಳಿಗೆ ಮೂರು ವರ್ಷ, ಹಳ್ಳಿಗಳಿಗೆ ಐದು ವರ್ಷ ಗಡುವು. ಎಲ್ಲ ಷರತ್ತು ಪೂರೈಸುವ ಮನೆಗಳು ಆಗ ಐದರಲ್ಲಿ ಒಂದೂ ಇರಲಿಲ್ಲ.

ಮಾಲೀಕರ ಸಂಘ ಟೆಕ್ಸಾಸ್ ನ್ಯಾಯಾಲಯಕ್ಕೆ ಹೋಯಿತು. ಜನ ಎಲ್ಲಿದ್ದಾರೆ, ಹಣ ಯಾರು ಕೊಡುತ್ತಾರೆ ಎಂಬ ಅವರ ಪ್ರಶ್ನೆ ಪೂರ್ತಿ ನೆಪವಲ್ಲ. ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಖರ್ಚು ಭರಿಸುವುದು ಮೆಡಿಕೇಡ್. ಹೊಸ ನಿಯಮದ ಜೊತೆಗೆ ಅದರ ದರವೇನೂ ತಾನಾಗಿ ಏರಲಿಲ್ಲ. ಆದರೆ ಜನ ಸಿಗುವುದಿಲ್ಲ ಎಂಬ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ ಕಾರ್ಮಿಕ ಇಲಾಖೆ ನರ್ಸ್‌ಗಳನ್ನು ಕೊರತೆಯ ವೃತ್ತಿ ಎಂದು ಪಟ್ಟಿ ಮಾಡಿದೆ. ಆದರೂ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಓದಿದ ನರ್ಸ್ ಅಲ್ಲಿಗೆ ಹೋಗಬೇಕೆಂದರೆ, ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿಯಲ್ಲಿ ಹತ್ತು ವರ್ಷಕ್ಕೂ ಮೀರಿ ಕಾಯಬೇಕು. ಅಷ್ಟರಲ್ಲಿ ಆಕೆ ಐರ್ಲೆಂಡಿನಲ್ಲೋ ದುಬೈನಲ್ಲೋ ಸಂಸಾರ ಹೂಡಿರುತ್ತಾಳೆ.

2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್ ನ್ಯಾಯಾಧೀಶ ಮ್ಯಾಥ್ಯೂ ಕ್ಯಾಸ್‌ಮರಿಕ್, ಎಂಟು ಗಂಟೆ ಎಂದು ಸಂಸತ್ತು ಹೇಳಿರುವಾಗ ಇಪ್ಪತ್ನಾಲ್ಕು ಎನ್ನಲು ಆರೋಗ್ಯ ಇಲಾಖೆಗೆ ಅಧಿಕಾರವಿಲ್ಲ ಎಂದು ನಿಯಮವನ್ನು ತಳ್ಳಿಹಾಕಿದರು. ಜೂನ್‌ನಲ್ಲಿ ಅಯೋವಾದ ನ್ಯಾಯಾಲಯವೂ ಅದನ್ನೇ ಹೇಳಿತು. ಜುಲೈ 4ರಂದು ಟ್ರಂಪ್ ಸಹಿ ಮಾಡಿದ ತೆರಿಗೆ-ವೆಚ್ಚ ಕಾಯ್ದೆ 2034ರ ಸೆಪ್ಟೆಂಬರ್‌ವರೆಗೆ ಅದರ ಜಾರಿಗೆ ತಡೆಹಾಕಿತು. ಡಿಸೆಂಬರ್‌ನಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು. ಒಂದೇ ನಿಯಮವನ್ನು ನಾಲ್ಕು ಸಲ ಕೊಲ್ಲುವ ಅಗತ್ಯವೇನಿತ್ತೋ!

ಈಗ ಲೆಕ್ಕ ರಾಜ್ಯಗಳ ಪಾಲಿಗೆ ಬಂದಿದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ತಮ್ಮದೇ ಕಾನೂನಿನಲ್ಲಿ 3.5 ಗಂಟೆ ಎಂದು ಬರೆದುಕೊಂಡಿವೆ. ಉಳಿದ ಹಲವು ರಾಜ್ಯಗಳಲ್ಲಿ ರಿಜಿಸ್ಟರ್ಡ್ ನರ್ಸ್ ದಿನಕ್ಕೆ ಎಂಟು ಗಂಟೆ ಇರಬೇಕೆಂಬ 1987ರ ನಿಯಮವೇ ಗತಿ. ಸಂಬಳದ ದಾಖಲೆಯ ಪದ್ಧತಿಯನ್ನು ಮಾತ್ರ ಯಾರೂ ಮುಟ್ಟಿಲ್ಲ. ಅಪ್ಪನನ್ನೋ ಅಮ್ಮನನ್ನೋ ಸೇರಿಸುವ ಮುಂಚೆ ಮಕ್ಕಳು ಸರ್ಕಾರದ ಜಾಲತಾಣದಲ್ಲಿ ಆ ಮನೆಯ ಹೆಸರು ಹುಡುಕಿ, ವಾರಾಂತ್ಯದಲ್ಲಿ ಅಲ್ಲಿ ಎಷ್ಟು ಗಂಟೆಯ ಆರೈಕೆ ಸಿಗುತ್ತದೆಂದು ನೋಡಬಹುದು.